ಆಡದ ಪಂದ್ಯಗಳನ್ನೂ ಬರೆದಿಟ್ಟ ಕಡತ: ಏಷ್ಯಾದ ಕ್ಲಬ್ ಫುಟ್‌ಬಾಲ್ ಚರಿತ್ರೆಗೆ ಆರ್‌ಎಸ್‌ಎಸ್‌ಎಸ್‌ಎಫ್ ಎಷ್ಟು ಉಪಯೋಗ?

1969ರ ಜನವರಿಯಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್ ಕ್ಲಬ್ ಟೂರ್ನಿಗೆ ಭಾರತದಿಂದ ಹೋಗಿದ್ದು ಮೋಹನ್ ಬಾಗಾನೂ ಅಲ್ಲ, ಈಸ್ಟ್ ಬೆಂಗಾಲೂ ಅಲ್ಲ. ಮೈಸೂರು ರಾಜ್ಯ ತಂಡ. ಸೆಮಿಫೈನಲ್ ತನಕ ಹೋಗಿ ನಾಲ್ಕನೇ ಸ್ಥಾನ ಪಡೆಯಿತು. ಆ ಟೂರ್ನಿಯೇ ಹೆಸರು, ರೂಪ ಬದಲಿಸುತ್ತ ಬಂದು ಇವತ್ತು ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಚಾಂಪಿಯನ್ಸ್ ಲೀಗ್ ಎಲೀಟ್ ಆಗಿದೆ. ಇಂಥ ಹಳೆಯ ಮಾಹಿತಿಯನ್ನು ಖಚಿತಪಡಿಸಿಕೊಳ್ಳಬೇಕಾದರೆ ಫುಟ್‌ಬಾಲ್ ಬರೆಯುವವರು, ಕ್ವಿಜ್ ಮಾಡುವವರು, ಅಂಕಿಅಂಶದ ಹುಚ್ಚಿರುವವರು ಕೊನೆಗೆ ಬಂದು ನಿಲ್ಲುವ ಅಂತರ್ಜಾಲ ತಾಣ ಆರ್‌ಎಸ್‌ಎಸ್‌ಎಸ್‌ಎಫ್. ಇಡೀ ತಾಣವನ್ನು ಅಳೆಯುವುದು ಈ ವಿಮರ್ಶೆಯ ಉದ್ದೇಶವಲ್ಲ. ಏಷ್ಯಾದ ಕ್ಲಬ್ ಟೂರ್ನಿಗಳ ಚರಿತ್ರೆ ಹುಡುಕುವವನಿಗೆ ಇದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದಷ್ಟೇ ಇಲ್ಲಿರುವುದು.

ಪೂರ್ತಿ ಹೆಸರು ರೆಕ್.ಸ್ಪೋರ್ಟ್.ಸಾಕರ್ ಸ್ಟ್ಯಾಟಿಸ್ಟಿಕ್ಸ್ ಫೌಂಡೇಶನ್. ಯೂಸ್‌ನೆಟ್ ಎಂಬ ಹಳೆಯ ಅಂತರ್ಜಾಲ ಚರ್ಚಾವೇದಿಕೆಯ ಫುಟ್‌ಬಾಲ್ ಗುಂಪಿನ ಮೂವರು ಸೇರಿ 1994ರ ಜನವರಿಯಲ್ಲಿ ಶುರುಮಾಡಿದರು. ಮೊದಲಿಗೆ ಹೆಸರಿನ ಹಿಂದೆ ‘ಉತ್ತರ ಯುರೋಪಿನ’ ಎಂಬ ವಿಶೇಷಣವೂ ಇತ್ತು. ಬೇರೆ ಕಡೆಯ ಸದಸ್ಯರು ಸೇರಿಕೊಂಡ ಮೇಲೆ ಅದು ಬಿದ್ದುಹೋಯಿತು. ಕೆಲಸವೆಲ್ಲ ಸ್ವಯಂಸೇವಕರದು. ನೋಡಲು ದುಡ್ಡಿಲ್ಲ, ಖಾತೆ ತೆರೆಯಬೇಕಿಲ್ಲ, ಫೋನ್ ನಂಬರು ಕೇಳುವವರಿಲ್ಲ. ಲೇಖಕರ ಹೆಸರು ಹೇಳಿದರೆ ಪುಟವನ್ನು ಭಾಗಶಃ ಅಥವಾ ಪೂರ್ತಿ ನಕಲು ಮಾಡಿಕೊಳ್ಳಬಹುದು ಎಂದು ಪುಟಗಳ ಕೊನೆಯಲ್ಲೇ ಬರೆದಿರುತ್ತದೆ. ಕ್ರೀಡಾ ಅಂಕಿಅಂಶ ಮಾರಾಟದ ಸರಕಾಗಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನೋಟಕ್ಕೆ ಮಾತ್ರ ಏನೂ ಇಲ್ಲ. ಬಣ್ಣವಿಲ್ಲ, ಚಿತ್ರವಿಲ್ಲ, ಕ್ಲಬ್ಬಿನ ಲಾಂಛನವಿಲ್ಲ. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಸಾಲಿನ ಕೆಳಗೆ ಸಾಲು. ಎಲ್ಲ ಅಕ್ಷರಗಳಿಗೂ ಒಂದೇ ಅಗಲವಿರುವ ಲಿಪಿಯಲ್ಲಿ, ನಡುನಡುವೆ ಖಾಲಿ ಜಾಗ ಬಿಟ್ಟು ಅಂಕಣಗಳನ್ನು ಹೊಂದಿಸಿರುತ್ತಾರೆ. ಇದರಿಂದ ಒಂದು ಲಾಭ: 2ಜಿ ಸಿಗ್ನಲ್ಲಿನಲ್ಲೂ ಪುಟ ತಟ್ಟನೆ ತೆರೆಯುತ್ತದೆ. ಒಂದು ತೊಂದರೆ: ಫೋನನ್ನು ನೆಟ್ಟಗೆ ಹಿಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ, ಇಲ್ಲವೇ ಅಕ್ಷರ ಇರುವೆಯಷ್ಟಾಗುತ್ತದೆ. ಫೋನನ್ನು ಅಡ್ಡ ಹಿಡಿಯಿರಿ. ಬ್ರೌಸರಿನ ‘ಓದುವ ನೋಟ’ ಬಳಸಬೇಡಿ. ಅದು ಖಾಲಿ ಜಾಗಗಳನ್ನು ನುಂಗಿ, ಯಾವ ಅಂಕಿ ಯಾವ ತಂಡದ್ದೆಂದು ಗೊತ್ತಾಗದ ಹಾಗೆ ಮಾಡಿಬಿಡಬಹುದು. ಲ್ಯಾಪ್‌ಟಾಪ್ ಇದ್ದರೆ ಅದೇ ವಾಸಿ.

ಬೇಕಾದ ಪುಟ ಹುಡುಕುವುದು ಮೊದಲ ಸಲ ಬಂದವರಿಗೆ ಕಷ್ಟ. ಮುಖಪುಟದಿಂದ ಅಂತರರಾಷ್ಟ್ರೀಯ ಕ್ಲಬ್ ಟೂರ್ನಿಗಳ ವಿಭಾಗ, ಅಲ್ಲಿಂದ ಏಷ್ಯಾ, ಅಲ್ಲಿಂದ ಟೂರ್ನಿಯ ಹೆಸರು, ಆಮೇಲೆ ವರ್ಷ: ಹೀಗೆ ಇಳಿಯಬೇಕು. ಇದಕ್ಕಿಂತ ಸುಲಭದ ದಾರಿ ಎಂದರೆ ಗೂಗಲ್‌ನಲ್ಲಿ ‘ಸೈಟ್’ ಎಂಬ ನಿರ್ಬಂಧ (site:rsssf.org) ಹಾಕಿ ಈ ತಾಣದೊಳಗೆ ಮಾತ್ರ ಹುಡುಕುವುದು. ಹುಡುಕುಪದವಾಗಿ ಟೂರ್ನಿಯ ಹೆಸರಿಗಿಂತ ಆ ವರ್ಷ ಆಡಿದ ಒಂದು ಅಪರೂಪದ ಕ್ಲಬ್ಬಿನ ಹೆಸರು ಕೊಟ್ಟರೆ ಬೇಗ ಸಿಗುತ್ತದೆ. 1969ಕ್ಕೆ ‘ಯಾಂಗ್ಜಿ’, 1993–94ಕ್ಕೆ ‘ಥಾಯ್ ಫಾರ್ಮರ್ಸ್ ಬ್ಯಾಂಕ್’, 1988–89ಕ್ಕೆ ‘ಅಲ್ ರಶೀದ್’, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಡಾಟ್ ಕಾಮ್ ಎಂದು ಕೊನೆಯಾಗುವ ಹಳೆಯ ಕೊಂಡಿ ಎಲ್ಲಾದರೂ ಸಿಕ್ಕು ಅದು ತೆರೆಯದಿದ್ದರೆ, ಅದನ್ನೇ ಡಾಟ್ ಆರ್ಗ್ ಎಂದು ತಿದ್ದಿ ನೋಡಿ.

ಈಗ ಮುಖ್ಯ ವಿಷಯ. ಏಷ್ಯಾದ ಕ್ಲಬ್ ಫುಟ್‌ಬಾಲಿನ ಚರಿತ್ರೆಯಲ್ಲಿ ಆಡಿದ ಪಂದ್ಯಗಳಷ್ಟೇ ಆಡದ ಪಂದ್ಯಗಳಿಗೂ ತೂಕವಿದೆ. ವಿಜೇತರ ಪಟ್ಟಿ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ. ಪಟ್ಟಿಯ ಮೊದಲ ನಾಲ್ಕು ಹೆಸರು ಇವು: 1967ರಲ್ಲಿ ಹಪೋಯೆಲ್ ಟೆಲ್ ಅವೀವ್, 1969ರಲ್ಲಿ ಮಕ್ಕಾಬಿ ಟೆಲ್ ಅವೀವ್, 1970ರಲ್ಲಿ ಟೆಹರಾನಿನ ತಾಜ್, 1971ರಲ್ಲಿ ಮತ್ತೆ ಮಕ್ಕಾಬಿ. ನಾಲ್ಕರಲ್ಲಿ ಮೂರು ಇಸ್ರೇಲಿಗೆ. ಆದರೆ ಪ್ರತಿ ಟೂರ್ನಿಯ ಪುಟಕ್ಕೆ ಹೋದರೆ ಬೇರೆಯದೇ ಕಥೆ. 1970ರಲ್ಲಿ ಲೆಬನಾನಿನ ಹೋಮೆನೆಟ್ಮೆನ್ ತಂಡ ಸೆಮಿಫೈನಲ್‌ನಲ್ಲಿ ಹಪೋಯೆಲ್ ಎದುರು ಆಡಲು ಒಪ್ಪಲಿಲ್ಲ. ಹಪೋಯೆಲ್ ಬೆವರು ಸುರಿಸದೆ ಫೈನಲ್ ಸೇರಿ, ಅಲ್ಲಿ ಹೆಚ್ಚುವರಿ ಸಮಯದಲ್ಲಿ ತಾಜ್‌ಗೆ 1–2ರಿಂದ ಸೋತಿತು. ಅದೇ ಹೋಮೆನೆಟ್ಮೆನ್ ಮೂರನೇ ಸ್ಥಾನದ ಪಂದ್ಯಕ್ಕೆ ಮಾತ್ರ ಇಳಿದು, ಭಾರತದಿಂದ ಹೋಗಿದ್ದ ಬಂಗಾಳ ತಂಡವನ್ನು 1–0ಯಿಂದ ಸೋಲಿಸಿತು. 1971ರ ಫೈನಲ್ ಅಂತೂ ನಡೆಯಲೇ ಇಲ್ಲ: ಇರಾಕಿನ ಆಲಿಯತ್ ಅಲ್ ಶೋರ್ತಾ ಮಕ್ಕಾಬಿ ವಿರುದ್ಧ ಆಡಲು ನಿರಾಕರಿಸಿದ್ದರಿಂದ ಕಪ್ ಮಕ್ಕಾಬಿಯ ಪಾಲಾಯಿತು. 1972ರ ಟೂರ್ನಿ ರದ್ದಾಯಿತು. 1974ರಲ್ಲಿ ಇಸ್ರೇಲ್ ಏಷ್ಯಾ ಒಕ್ಕೂಟದಿಂದ ಹೊರಬಿದ್ದು, ಬಹಳ ವರ್ಷ ಎಲ್ಲೂ ಸಲ್ಲದೆ ಅಲೆದು, 1994ರಲ್ಲಿ ಯುರೋಪಿನ ಒಕ್ಕೂಟವಾದ ಯುಇಎಫ್‌ಎಯ ಪೂರ್ಣ ಸದಸ್ಯತ್ವ ಪಡೆಯಿತು. ಏಷ್ಯಾದ ಕ್ಲಬ್ ಟೂರ್ನಿ ಮತ್ತೆ ಹುಟ್ಟಿದ್ದು 1985–86ರಲ್ಲಿ. ಗೆದ್ದದ್ದು ಕೊರಿಯಾದ ಡೇವೂ ರಾಯಲ್ಸ್.

ಹೊಸ ಜನ್ಮದಲ್ಲೂ ಈ ಚಾಳಿ ಹೋಗಲಿಲ್ಲ. 1987ರ ಫೈನಲ್‌ನಲ್ಲಿ ಸೌದಿಯ ಅಲ್ ಹಿಲಾಲ್ ಹಿಂದೆ ಸರಿಯಿತು. ಅವರ ಹಲವು ಆಟಗಾರರನ್ನು ರಾಷ್ಟ್ರೀಯ ತಂಡದ ಶಿಬಿರಕ್ಕೆ ಕರೆಸಿಕೊಂಡಿದ್ದರು. ಜಪಾನಿನ ಯೊಮಿಯುರಿ ಚೆಂಡು ಮುಟ್ಟದೆ ಏಷ್ಯಾ ಚಾಂಪಿಯನ್ ಆಯಿತು. ಬೇರೆ ಪಟ್ಟಿಗಳಲ್ಲಿ ಇದು ‘ಯೊಮಿಯುರಿ, 1987’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗಬಹುದು. ಆರ್‌ಎಸ್‌ಎಸ್‌ಎಸ್‌ಎಫ್‌ನ ಗಟ್ಟಿತನ ಇರುವುದೇ ಇಲ್ಲಿ: ಅಂಕ ಇರಬೇಕಾದ ಜಾಗದಲ್ಲಿ ಅಂಕ ಯಾಕಿಲ್ಲ ಎನ್ನುವುದಕ್ಕೆ ಒಂದು ಗುರುತು ಇಟ್ಟಿರುತ್ತದೆ, ಬಹಳ ಸಲ ಕೆಳಗೆ ಒಂದು ಸಾಲಿನ ಕಾರಣವೂ ಇರುತ್ತದೆ.

ಆ ಗುರುತುಗಳನ್ನು ಕಲಿಯದೆ ಈ ತಾಣ ಬಳಸಿದರೆ ಪ್ರಯೋಜನವಿಲ್ಲ. ‘ಎಇಟಿ’ ಎಂದರೆ ಹೆಚ್ಚುವರಿ ಸಮಯದ ಬಳಿಕ. ‘ಎಎಸ್‌ಡಿಇಟಿ’ ಕಂಡರೆ ಗೋಲ್ಡನ್ ಗೋಲ್, ಅಂದರೆ ಹೆಚ್ಚುವರಿ ಸಮಯದಲ್ಲಿ ಮೊದಲ ಗೋಲು ಬಿದ್ದೊಡನೆ ಪಂದ್ಯ ಮುಗಿದದ್ದು. 1999–2000ರ ಫೈನಲ್‌ನಲ್ಲಿ ಅಲ್ ಹಿಲಾಲ್ ಜುಬಿಲೊ ಇವಾಟಾವನ್ನು 3–2ರಿಂದ ಸೋಲಿಸಿದ್ದು ಹಾಗೆ. ‘ಪೆನ್’ ಅಂದರೆ ಶೂಟೌಟ್. ‘ಡಬ್ಲ್ಯು/ಒ’ ವಾಕೋವರ್, ಅಂದರೆ ಎದುರಾಳಿ ಆಡಲು ಇಳಿಯದೆ ಸಿಕ್ಕ ಗೆಲುವು. ‘ಎಬಿಡಿ’ ಅಂದರೆ ಅರ್ಧಕ್ಕೆ ನಿಂತ ಪಂದ್ಯ. ‘ಎಡಬ್ಲ್ಯುಡಿ’ ಎಂದರೆ ಫಲಿತಾಂಶವನ್ನು ಸಮಿತಿ ಘೋಷಿಸಿದೆ ಎಂದರ್ಥ. ಈ ಕೊನೆಯದರಲ್ಲೇ ಹೆಚ್ಚಿನವರು ಎಡವುವುದು. ‘3–0 ಎಡಬ್ಲ್ಯುಡಿ’ ಎಂದಿದ್ದರೆ ಮೈದಾನದಲ್ಲಿ ಮೂರು ಗೋಲು ಬಿದ್ದಿವೆ ಎಂದಲ್ಲ. ಪಂದ್ಯ ಆಡಿದ್ದರೂ ಇರಬಹುದು, ಆಡದೆಯೂ ಇರಬಹುದು, ಗೆದ್ದವರನ್ನೇ ಸೋಲಿಸಿ ಬರೆದಿದ್ದರೂ ಇರಬಹುದು. ಗೋಲುಗಳ ಮೊತ್ತ ಕೂಡುವವರು ಇಂಥ ಸಾಲುಗಳನ್ನು ಬೇರೆ ಇಡಬೇಕು.

ಹಳೆಯ ಕಾಲದ ರೋಗ ಇದು, ಈಗ ವಾಸಿಯಾಗಿದೆ ಎಂದುಕೊಳ್ಳಬೇಡಿ. 2024–25ರ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟುನಲ್ಲಿ ಮೋಹನ್ ಬಾಗಾನ್ ಟ್ರ್ಯಾಕ್ಟರ್ ಎಂಬ ಕ್ಲಬ್ಬಿನ ಎದುರಿನ ಪಂದ್ಯಕ್ಕಾಗಿ ಇರಾನಿನ ತಬ್ರೀಜ್‌ಗೆ ಹೋಗಲಿಲ್ಲ. ತಂಡ ಟೂರ್ನಿಯಿಂದ ಹಿಂದೆ ಸರಿದಿದೆ ಎಂದು ಎಎಫ್‌ಸಿ ತೀರ್ಮಾನಿಸಿತು. ಅದಕ್ಕೂ ಮುಂಚೆ ಕೋಲ್ಕತ್ತದಲ್ಲಿ ರಾವ್ಶನ್ ಎದುರು ಆಡಿದ್ದ 0–0 ಪಂದ್ಯವೂ ರದ್ದಾಯಿತು. ಪಂದ್ಯ ಆಡಿದ್ದು ನಿಜ, ಜನ ನೋಡಿದ್ದು ನಿಜ, ಲೆಕ್ಕದಲ್ಲಿ ಮಾತ್ರ ಇಲ್ಲ.

ಅದೇ ಸಾಲಿನ ಎಲೀಟ್ ಟೂರ್ನಿಯಲ್ಲಿ ಇದಕ್ಕಿಂತ ದೊಡ್ಡ ಗೋಜಲು. 24 ಕ್ಲಬ್, ಪಶ್ಚಿಮಕ್ಕೆ 12, ಪೂರ್ವಕ್ಕೆ 12, ಪ್ರತಿ ತಂಡಕ್ಕೆ ಎಂಟು ಬೇರೆ ಬೇರೆ ಎದುರಾಳಿಗಳ ಜೊತೆ ಎಂಟು ಪಂದ್ಯ. ಚೀನಾದ ಶಾಂಡೊಂಗ್ ತೈಶಾನ್ 2025ರ ಫೆಬ್ರುವರಿಯಲ್ಲಿ, ಉಲ್ಸಾನ್ ಎದುರಿನ ತನ್ನ ಕೊನೆಯ ಲೀಗ್ ಪಂದ್ಯಕ್ಕೆ ಮುಂಚೆ ಹಿಂದೆ ಸರಿಯಿತು. ಅದರ ಎಲ್ಲ ಫಲಿತಾಂಶಗಳನ್ನೂ ಅಳಿಸಿದರು. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಆಗಿದ್ದರೆ ಎಲ್ಲರಿಗೂ ಒಂದೊಂದು ಪಂದ್ಯ ಕಡಿಮೆಯಾಗಿ ಸಮ ಆಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ: ಶಾಂಡೊಂಗ್ ಎದುರಾಳಿಯಾಗಿದ್ದ ಎಂಟು ತಂಡಗಳ ಲೆಕ್ಕದಲ್ಲಿ ಏಳು ಪಂದ್ಯ ಉಳಿದವು, ಮಿಕ್ಕ ಮೂರರದ್ದು ಎಂಟು. ಅಂಕಪಟ್ಟಿಯಲ್ಲಿ ‘7’ ಮತ್ತು ‘8’ ಬೆರೆತಿರುವುದನ್ನು ನೋಡಿ ಅಚ್ಚಿನ ತಪ್ಪು ಎಂದು ತಿದ್ದಲು ಹೊರಡಬೇಡಿ. ಯಾವ ಪುಟದಲ್ಲೇ ಆದರೂ ಪಂದ್ಯದ ಸಂಖ್ಯೆ ಹೊಂದಿಕೆಯಾಗದಿದ್ದರೆ ಮೊದಲು ಕೆಳಗಿನ ಟಿಪ್ಪಣಿ ಓದಿ, ಆಮೇಲೆ ಪುಟದ ಮೇಲೆ ಅನುಮಾನಪಡಿ.

ತವರಲ್ಲೊಂದು, ಎದುರಾಳಿ ನೆಲದಲ್ಲೊಂದು ಹೀಗೆ ಎರಡು ಪಂದ್ಯ ಆಡುವ ನಾಕೌಟ್ ಸಾಲುಗಳನ್ನು ಓದುವುದರಲ್ಲೂ ಒಂದು ಮರ್ಮವಿದೆ. ಮೊದಲು ಬರೆದ ತಂಡ ಮೊದಲ ಪಂದ್ಯವನ್ನು ತವರಲ್ಲಿ ಆಡಿದ್ದು. ಆದರೆ ಎರಡೂ ಅಂಕಗಳು ಆ ಮೊದಲ ತಂಡದ ಕಡೆಯಿಂದಲೇ ಬರೆದಿರುತ್ತವೆ. ಬೆಂಗಳೂರು ಎಫ್‌ಸಿಯ ಉದಾಹರಣೆ ತೆಗೆದುಕೊಳ್ಳಿ. 2016ರ ಎಎಫ್‌ಸಿ ಕಪ್ ಸೆಮಿಫೈನಲ್ ಈ ಕ್ರಮದಲ್ಲಿ ‘ಜೊಹೊರ್ – ಬೆಂಗಳೂರು 1–1 1–3’ ಎಂದಾಗುತ್ತದೆ. ಎರಡನೇ ಅಂಕವನ್ನು ತವರು ತಂಡ ಮೊದಲು ಎಂಬ ರೂಢಿಯಂತೆ ಓದಿದರೆ, ಕಂಠೀರವದಲ್ಲಿ ಬೆಂಗಳೂರು 1–3ರಿಂದ ಸೋತಿತು ಎಂದಾಗಿಬಿಡುತ್ತದೆ. ನಡೆದದ್ದು ಉಲ್ಟಾ: ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು, ಹಿಂದಿನ ವರ್ಷದ ಚಾಂಪಿಯನ್ನರನ್ನು 3–1ರಿಂದ ಮನೆಗೆ ಕಳಿಸಿದ ಪಂದ್ಯ ಅದು. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು.

2004ರ ಚಾಂಪಿಯನ್ಸ್ ಲೀಗ್ ಫೈನಲ್‌ನ ಸಾಲು ಇನ್ನೂ ಮಜವಾಗಿದೆ: ‘ಅಲ್ ಇತ್ತಿಹಾದ್ – ಸಿಯೊಂಗ್‌ನಾಮ್ 1–3 5–0’. ಜೆಡ್ಡಾದ ತವರಿನಲ್ಲಿ 1–3ರಿಂದ ಸೋತ ತಂಡ ಒಂದು ವಾರದ ಬಳಿಕ ಕೊರಿಯಾಕ್ಕೆ ಹೋಗಿ ಐದು ಗೋಲು ಬಾರಿಸಿ ಕಪ್ ತಂದಿತು. 5–0 ಜೆಡ್ಡಾದಲ್ಲಿ ನಡೆಯಿತು ಎಂದು ಓದಿಕೊಂಡರೆ ಏಷ್ಯಾ ಕಂಡ ಅತಿ ದೊಡ್ಡ ತಿರುಗೇಟೊಂದು ಸಪ್ಪೆಯಾಗಿಬಿಡುತ್ತದೆ. ಇನ್ನು 1988–89ರ ‘ಅಲ್ ರಶೀದ್ – ಅಲ್ ಸದ್ 3–2 0–1’. ಮೊತ್ತ 3–3. ಬಾಗ್ದಾದಿನಲ್ಲಿ ಎರಡು ಗೋಲು ಹೊಡೆದಿದ್ದ ಕತಾರಿನ ಅಲ್ ಸದ್‌ಗೆ ಎದುರಾಳಿ ನೆಲದ ಗೋಲಿನ ನಿಯಮದಿಂದ (ಮೊತ್ತ ಸಮವಾದರೆ ಎದುರಾಳಿ ನೆಲದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಗೆಲುವು) ಕಪ್ ಸಿಕ್ಕಿತು. 2013ರಲ್ಲಿ ಗುವಾಂಗ್‌ಜೌ ಎವರ್‌ಗ್ರಾಂಡ್ ಎಫ್‌ಸಿ ಸೋಲ್ ವಿರುದ್ಧ 2–2, 1–1 ಮಾಡಿ ಗೆದ್ದದ್ದೂ ಅದೇ ನಿಯಮದಿಂದ. ಮೊತ್ತ ಸಮವಾಗಿದ್ದೂ ಶೂಟೌಟ್ ಗುರುತು ಇಲ್ಲದಿದ್ದರೆ ಈ ನಿಯಮ ಕೆಲಸ ಮಾಡಿದೆ ಎಂದು ತಿಳಿಯಿರಿ.

ಹೆಸರುಗಳ ವಿಚಾರಕ್ಕೆ ಬಂದರೆ ಏಷ್ಯಾದಷ್ಟು ಕಾಡುವ ಖಂಡ ಬೇರೆ ಇರಲಿಕ್ಕಿಲ್ಲ. ಈ ತಾಣ ಸಾಮಾನ್ಯವಾಗಿ ಆಯಾ ಕಾಲದ ಹೆಸರನ್ನೇ ಇಡುತ್ತದೆ. ಅದು ಸರಿಯಾದ ಕ್ರಮ. ಆದರೆ ಇವತ್ತಿನ ಹೆಸರು ಕೊಟ್ಟು ಹುಡುಕುವವನ ಬಲೆಗೆ ಏನೂ ಬೀಳುವುದಿಲ್ಲ. ಮೊದಲ ಉದಾಹರಣೆ ನಮ್ಮದೇ: ‘ಕರ್ನಾಟಕ’ ಎಂದು ಹುಡುಕಿದರೆ 1969ರ ಪುಟ ಸಿಗುವುದಿಲ್ಲ, ಯಾಕೆಂದರೆ ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಕ್ಲಬ್ ಟೂರ್ನಿಯಲ್ಲಿ ರಾಜ್ಯ ತಂಡಕ್ಕೇನು ಕೆಲಸ ಎಂದು ಕೇಳಬಹುದು. ಆಗ ಭಾರತದಲ್ಲಿ ರಾಷ್ಟ್ರೀಯ ಕ್ಲಬ್ ಲೀಗ್ ಇರಲಿಲ್ಲ. ಅದು ಬಂದದ್ದು 1996ರಲ್ಲಿ. ಮೈಸೂರು 1967–68ರಲ್ಲೂ 1968–69ರಲ್ಲೂ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿದ್ದ ತಂಡ. ಆಮೇಲೆ ಕರ್ನಾಟಕ ಆ ಟ್ರೋಫಿಯನ್ನು ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ.

1969ರಲ್ಲಿ ಮೈಸೂರಿಗಿಂತ ಒಂದು ಮೆಟ್ಟಿಲು ಮೇಲೆ, ಮೂರನೇ ಸ್ಥಾನದಲ್ಲಿ ನಿಂತ ಟೊಯೊ ಕೊಗ್ಯೊ ಇವತ್ತಿನ ಸಾನ್‌ಫ್ರೆಚೆ ಹಿರೊಶಿಮಾ. ಫುರುಕಾವಾ ಎಲೆಕ್ಟ್ರಿಕ್ ಈಗ ಜೆಫ್ ಯುನೈಟೆಡ್, ಯೊಮಿಯುರಿ ಈಗ ಟೋಕಿಯೊ ವೆರ್ಡಿ, ನಿಸ್ಸಾನ್ ಈಗ ಯೊಕೊಹಾಮಾ ಎಫ್. ಮರಿನೊಸ್. ಡೇವೂ ರಾಯಲ್ಸ್ ಈಗ ಬುಸಾನ್ ಐಪಾರ್ಕ್, ಇಲ್‌ಹ್ವಾ ಚುನ್ಮಾ ಈಗ ಸಿಯೊಂಗ್‌ನಾಮ್, ಅನ್ಯಾಂಗ್ ಎಲ್‌ಜಿ ಈಗ ಎಫ್‌ಸಿ ಸೋಲ್. ತಾಜ್ 1979ರ ಕ್ರಾಂತಿಯ ನಂತರ ಎಸ್ತೆಘ್‌ಲಾಲ್ ಆಯಿತು. ಪರ್ಸೆಪೊಲಿಸ್ ಕೆಲವು ಕಾಲ ಪಿರೂಜಿ ಎಂದು ಕಾಣಿಸಿಕೊಳ್ಳುತ್ತದೆ. 2016ರ ಫೈನಲ್‌ನಲ್ಲಿ ದೋಹಾದಲ್ಲಿ ಬೆಂಗಳೂರನ್ನು 1–0ಯಿಂದ ಸೋಲಿಸಿದ ಇರಾಕಿ ತಂಡ ಒಂದು ಕಡೆ ಏರ್ ಫೋರ್ಸ್ ಕ್ಲಬ್, ಇನ್ನೊಂದು ಕಡೆ ಅಲ್ ಕುವಾ ಅಲ್ ಜವಿಯಾ, ಎರಡೂ ಒಂದೇ. ಇನ್ನು ಕೆಲವು ಕ್ಲಬ್ಬುಗಳೇ ಇಲ್ಲ. ಎರಡು ವರ್ಷ ಸತತ ಕಪ್ ಗೆದ್ದ ಥಾಯ್ ಫಾರ್ಮರ್ಸ್ ಬ್ಯಾಂಕ್ 2000ದಲ್ಲಿ ಮುಚ್ಚಿತು. ಅಲ್ ರಶೀದ್ 1990ರಲ್ಲಿ ಹೋಯಿತು. 2013, 2015ರ ಚಾಂಪಿಯನ್ ಗುವಾಂಗ್‌ಜೌ 2025ರ ಜನವರಿಯಲ್ಲಿ ವಿಸರ್ಜನೆಯಾಯಿತು.

ಅರಬ್ ಕ್ಲಬ್ಬುಗಳಲ್ಲಿ ‘ಅಲ್ ಅಹ್ಲಿ’ ಎಂಬ ಹೆಸರೊಂದೇ ಸಾಕು ತಲೆ ಕೆಡಿಸಲು. 1985–86ರಲ್ಲಿ ಡೇವೂಗೆ ಸೋತದ್ದು, 2012ರಲ್ಲಿ ಉಲ್ಸಾನ್‌ಗೆ ಸೋತದ್ದು, ಕೊನೆಗೆ 2025ರ ಮೇ 3ರಂದು ಕವಾಸಾಕಿಯನ್ನು 2–0ಯಿಂದ ಸೋಲಿಸಿ ಗೆದ್ದದ್ದು ಜೆಡ್ಡಾದ ಅಲ್ ಅಹ್ಲಿ. 2015ರ ಫೈನಲ್‌ನಲ್ಲಿ ಸೋತದ್ದು ದುಬೈನದು. ಪಕ್ಕದಲ್ಲಿ ದೇಶದ ಗುರುತು ಇದೆಯೇ ನೋಡಿಕೊಳ್ಳದೆ ಒಂದು ಕ್ಲಬ್ಬಿನ ಖಾತೆಗೆ ಇನ್ನೊಂದರ ಸೋಲು ಸೇರಿಸಬೇಡಿ. ಹುಡುಕುವಾಗ ‘ಅಲ್’ ಬಿಟ್ಟು ಉಳಿದ ಭಾಗ ಮಾತ್ರ ಟೈಪ್ ಮಾಡಿ. ಆ ‘ಅಲ್’ಗೆ ಅಡ್ಡಗೆರೆ ಇದೆಯೋ, ಖಾಲಿ ಜಾಗ ಇದೆಯೋ ಎಂಬುದು ಪುಟದಿಂದ ಪುಟಕ್ಕೆ ಬೇರೆ.

ಟೂರ್ನಿಯ ವರ್ಷವನ್ನೂ ನಂಬಿ ಕೂರುವಂತಿಲ್ಲ. 1986ರಿಂದ 2002ರ ನಡುವಿನ ಹಲವು ಟೂರ್ನಿಗಳು ಒಂದು ವರ್ಷ ಶುರುವಾಗಿ ಇನ್ನೊಂದು ವರ್ಷ ಮುಗಿದಿವೆ. ಒಬ್ಬರು ಶುರುವಾದ ವರ್ಷ ಹಾಕುತ್ತಾರೆ, ಒಬ್ಬರು ಮುಗಿದ ವರ್ಷ. 2022ರ ಚಾಂಪಿಯನ್ಸ್ ಲೀಗ್ ಫೈನಲ್ ನಡೆದದ್ದು 2023ರ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ, ಎರಡು ಪಂದ್ಯಗಳಾಗಿ; ಅದರ ಬೆನ್ನಿಗೇ 2023–24ರ ಟೂರ್ನಿ ಬಂತು, ಹಾಗಾಗಿ ಬರೀ ‘2023’ ಎಂಬ ಟೂರ್ನಿಯೇ ಇಲ್ಲ. ಇನ್ನೊಂದು ಗೊಂದಲ: 1990–91ರಿಂದ 2001–02ರವರೆಗೆ ಏಷ್ಯನ್ ಕಪ್ ವಿನ್ನರ್ಸ್ ಕಪ್ ಎಂಬ ಬೇರೆಯದೇ ಟೂರ್ನಿ ಪಕ್ಕದಲ್ಲೇ ನಡೆಯುತ್ತಿತ್ತು. 2002–03ರಲ್ಲಿ ಎಲ್ಲವನ್ನೂ ಕಲಸಿ ಚಾಂಪಿಯನ್ಸ್ ಲೀಗ್ ಮಾಡಿದರು. ಪುಟದಲ್ಲಿ ಕೆಳಗೆ ಇಳಿಯುವಾಗ ಯಾವ ಟೂರ್ನಿಯ ತಲೆಬರಹದಡಿ ಇದ್ದೀರಿ ಎಂದು ನೋಡಿಕೊಳ್ಳಿ.

ಗುಂಪು ಹಂತದ ಅಂಕಪಟ್ಟಿಗಳಿಗೆ ಬಹಳ ಕಡೆ ತಲೆಬರಹವೇ ಇರುವುದಿಲ್ಲ. ಕ್ರಮ ಇದು: ಪಂದ್ಯ, ಗೆಲುವು, ಡ್ರಾ, ಸೋಲು, ಹೊಡೆದ–ಬಿಟ್ಟ ಗೋಲು, ಅಂಕ. ಗೆಲುವಿಗೆ ಎರಡು ಅಂಕದ ಕಾಲವೋ ಮೂರರ ಕಾಲವೋ ಎಂಬ ಅನುಮಾನ ಬಂದರೆ ಗೆಲುವನ್ನು ಎರಡರಿಂದ ಗುಣಿಸಿ ಡ್ರಾ ಕೂಡಿಸಿ. ಹೊಂದಿದರೆ ಹಳೆಯ ಪದ್ಧತಿ. ಗೋಲು ವ್ಯತ್ಯಾಸ ಚೆನ್ನಾಗಿದ್ದರೂ ಕೆಳಗಿರುವ ತಂಡ ಕಂಡರೆ ಗಾಬರಿ ಬೇಡ. ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲಿ ಅಂಕ ಸಮವಾದಾಗ ಎಎಫ್‌ಸಿ ಮೊದಲು ನೋಡುತ್ತಿದ್ದದ್ದು ಆ ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು.

ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ನೇರ ಕಾಪಿ–ಪೇಸ್ಟ್ ಮಾಡಿದರೆ ‘3-1’ ಎಂಬ ಫಲಿತಾಂಶ ಜನವರಿ 3 ಎಂಬ ದಿನಾಂಕವಾಗಿ ಕೂರುತ್ತದೆ. ಆಮೇಲೆ ಆ ಕೋಶವನ್ನು ಪಠ್ಯ ಎಂದು ಬದಲಿಸಿದರೂ ಅಂಕ ವಾಪಸ್ ಬರುವುದಿಲ್ಲ, ಐದಂಕಿಯ ಒಂದು ಸಂಖ್ಯೆ ಬರುತ್ತದೆ. ಹಾಗಾಗಿ ಪುಟವನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ಪಠ್ಯ ಕಡತವಾಗಿ ಉಳಿಸಿ. ಅದನ್ನು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುವಾಗ ಬರುವ ಕಿಟಕಿಯಲ್ಲಿ ‘ನಿಗದಿತ ಅಗಲ’ ಆರಿಸಿ, ಗೆರೆಗಳನ್ನು ಅಂಕಣಗಳ ನಡುವೆ ಎಳೆದಿಡಿ, ಫಲಿತಾಂಶದ ಅಂಕಣದ ಬಗೆಯನ್ನು ‘ಪಠ್ಯ’ ಮಾಡಿ, ಆಮೇಲೆ ಸರಿ ಒತ್ತಿ. ಎಕ್ಸೆಲ್‌ನಲ್ಲಾದರೆ ‘ಟೆಕ್ಸ್ಟ್ ಟು ಕಾಲಮ್ಸ್’ನ ಮೂರನೇ ಹಂತದಲ್ಲಿ ಇದೇ ಆಯ್ಕೆ ಸಿಗುತ್ತದೆ. ಜುಬಿಲೊ ತರಹದ ಹೆಸರಿನಲ್ಲಿ ಮೇಲೆ ಗೆರೆಯಿರುವ ಇಂಗ್ಲಿಷ್ ಅಕ್ಷರ ಚೌಕ ಚೌಕವಾಗಿ ಒಡೆದು ಕಂಡರೆ ಅಕ್ಷರ ಸಂಕೇತವನ್ನು ಯುಟಿಎಫ್-8ರ ಬದಲು ಪಶ್ಚಿಮ ಯುರೋಪಿನದಕ್ಕೆ ಬದಲಿಸಿ ನೋಡಿ. ನಿಗದಿತ ಅಗಲದ ವಿಧಾನ ಕೆಡುವುದು ಒಂದೇ ಕಡೆ: 10-0ಯಂಥ ಎರಡಂಕಿ ಫಲಿತಾಂಶ ಬಂದು ಸಾಲು ಒಂದು ಅಕ್ಷರ ಸರಿದಾಗ. ಅಂಥ ಸಾಲನ್ನು ಕೈಯಲ್ಲೇ ಸರಿಮಾಡಬೇಕು.

ಬೇರೆ ದಾರಿಗಳಿಲ್ಲವೇ? ಇವೆ. ಈಗಿನ ಟೂರ್ನಿಗೆ, ಆಟಗಾರರ ಪಟ್ಟಿಗೆ, ವಿಡಿಯೊಗೆ ಎಎಫ್‌ಸಿಯ ಸ್ವಂತ ತಾಣವೇ ಸರಿ. ವಿಕಿಪೀಡಿಯ ಓದಲು ಹಿತ, ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಜಿಗಿಯಲು ಸುಲಭ. ಆದರೆ ಏಷ್ಯಾದ ಹಳೆಯ ಟೂರ್ನಿಗಳ ವಿಕಿ ಪುಟಗಳ ಕೊನೆಗೆ ಇಳಿದು ನೋಡಿ: ಆಧಾರ ಎಂದು ಕೊಟ್ಟಿರುವುದು ಬಹಳ ಕಡೆ ಇದೇ ಆರ್‌ಎಸ್‌ಎಸ್‌ಎಸ್‌ಎಫ್. ಹಾಗಿರುವಾಗ ‘ಎರಡು ಕಡೆ ನೋಡಿದೆ, ಎರಡೂ ಒಂದೇ ಹೇಳುತ್ತಿವೆ’ ಎನ್ನುವುದರಲ್ಲಿ ಅರ್ಥವಿಲ್ಲ. ನೋಡಿದ್ದು ಒಂದೇ ಮೂಲವನ್ನು. ಎರಡನೇ ಸಾಕ್ಷಿ ಬೇಕೆಂದರೆ ಆ ದಿನದ ಪತ್ರಿಕೆಗೇ ಹೋಗಬೇಕು.

ಕೊರತೆಗಳನ್ನೂ ಹೇಳಬೇಕು. ಆಟಗಾರನ ಹೆಸರಿನಿಂದ ಹುಡುಕುವ ವ್ಯವಸ್ಥೆ ಇಲ್ಲ. ಒಂದು ಕ್ಲಬ್ಬಿನ ಎಲ್ಲ ಏಷ್ಯಾ ಪಂದ್ಯಗಳನ್ನು ಒಂದೇ ಕಡೆ ಕೊಡು ಎಂದರೆ ಕೊಡುವುದಿಲ್ಲ. ವರ್ಷ ವರ್ಷ ತೆರೆದು ಹೆಕ್ಕಬೇಕು. ಯುರೋಪಿನ ಪುಟಗಳಲ್ಲಿ ಕಾಣುವ ಸಮೃದ್ಧಿ ಏಷ್ಯಾದ ಪುಟಗಳಲ್ಲಿಲ್ಲ: ಆರಂಭದ ಟೂರ್ನಿಗಳಲ್ಲೂ ಎಂಬತ್ತರ ದಶಕದ ಅರ್ಹತಾ ಸುತ್ತುಗಳಲ್ಲೂ ಗೋಲು ಹೊಡೆದವರು, ಮೈದಾನ, ಪ್ರೇಕ್ಷಕರ ಸಂಖ್ಯೆ, ಕೆಲವೊಮ್ಮೆ ದಿನಾಂಕವೂ ಇರುವುದಿಲ್ಲ. ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಬರೆದದ್ದರಿಂದ ಪುಟದಿಂದ ಪುಟಕ್ಕೆ ಶೈಲಿ ಬದಲಾಗುತ್ತದೆ. ವಿವರ ಇಲ್ಲದ ಕಡೆ ಊಹೆ ತುಂಬಿಸದೆ ಖಾಲಿ ಬಿಟ್ಟಿದ್ದಾರೆ ಎನ್ನುವುದು ಇದರ ದೊಡ್ಡ ಗುಣ. ಆಟವನ್ನು ಸುಮ್ಮನೆ ಸವಿಯಲು ಬಯಸುವವರಿಗೆ ಈ ತಾಣ ಒಣಕಲು ಎನಿಸುತ್ತದೆ, ಅವರಿಗೆ ಶಿಫಾರಸು ಮಾಡುವುದೂ ಬೇಡ. ಬರೆಯುವವರಿಗೆ, ಕ್ವಿಜ್ ಪ್ರಶ್ನೆ ತೆಗೆಯುವವರಿಗೆ, ವಾದ ಗೆಲ್ಲಬೇಕಾದವರಿಗೆ ಇದಕ್ಕೆ ಸಮನಾದದ್ದು ಸದ್ಯಕ್ಕಿಲ್ಲ. ಐದಕ್ಕೆ ನಾಲ್ಕು ಕೊಡಬಹುದು; ಕಳೆದ ಒಂದು ಅಂಕ ಹುಡುಕಾಟದ ಕಷ್ಟಕ್ಕೆ.

ಯಾವುದೇ ಅಂಕಿ ಎತ್ತಿಕೊಳ್ಳುವ ಮುಂಚೆ ಪುಟದ ತಳಕ್ಕೆ ಹೋಗಿ ‘ಈ ದಾಖಲೆಯ ಬಗ್ಗೆ’ ಎಂಬ ಭಾಗ ನೋಡಿ. ಸಿದ್ಧಪಡಿಸಿದವರ ಹೆಸರು, ಕೊನೆಯದಾಗಿ ತಿದ್ದಿದ ದಿನಾಂಕ ಅಲ್ಲಿರುತ್ತವೆ. ಟೂರ್ನಿ ಮುಗಿಯುವ ಮೊದಲೇ ತಿದ್ದುವುದು ನಿಂತಿದ್ದರೆ, ಕೊನೆಯ ಸುತ್ತಿನಲ್ಲಿ ಘೋಷಣೆಯಾದ ಅಥವಾ ರದ್ದಾದ ಪಂದ್ಯಗಳು ಆ ಪುಟಕ್ಕೆ ಬಂದಿರುವುದಿಲ್ಲ. ತಪ್ಪು ಕಂಡರೆ ಅದೇ ಭಾಗದಲ್ಲಿರುವ ಹೆಸರಿಗೆ ಬರೆಯಬಹುದು. ಬರೆಯುವಾಗ ಪುಟದ ವಿಳಾಸ, ಈಗಿರುವ ಸಾಲು, ಇರಬೇಕಾದ ಸಾಲು, ಆಧಾರದ ಪತ್ರಿಕೆಯ ಹೆಸರು, ದಿನಾಂಕ ಮತ್ತು ಪುಟಸಂಖ್ಯೆ ಕೊಡಿ, ಕತ್ತರಿಸಿದ ಚಿತ್ರ ಇದ್ದರೆ ಲಗತ್ತಿಸಿ. ಮೈಸೂರು ತಂಡದ ಬ್ಯಾಂಕಾಕ್ ಪಂದ್ಯಗಳಲ್ಲಿ ಗೋಲು ಹೊಡೆದವರನ್ನು ಹುಡುಕಿ ಕೊಡುವ ಮನಸ್ಸಿದ್ದರೆ 1969ರ ಜನವರಿ ಮಧ್ಯದಿಂದ ಫೆಬ್ರುವರಿ ಮೊದಲ ವಾರದವರೆಗಿನ ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಸಂಚಿಕೆಗಳಲ್ಲಿ ಹುಡುಕಿ. ಆಗ ವಿದೇಶದ ಸುದ್ದಿ ತಂತಿಯಲ್ಲಿ ಬರುತ್ತಿದ್ದದ್ದರಿಂದ ಪಂದ್ಯದ ಮರುದಿನ ಮಾತ್ರವಲ್ಲ, ಅದರ ಮುಂದಿನ ಎರಡು ದಿನದ ಕ್ರೀಡಾಪುಟವನ್ನೂ ತಿರುವಿ ಹಾಕಬೇಕು.